ಬ್ಯಾಗಿನ ಹಿಡಿಯಲ್ಲಿ ಎರಡು ಗಂಟು

"ಅಮ್ಮಾ, ಮೆಕ್ಯಾನಿಕಮ್ಮನ ಕೈ ಸುಡಲ್ವಾ?"

ಪುಟ್ಟಿ ಇದನ್ನು ಮೊದಲು ಕೇಳಿದ್ದು, ಆಕೆ ನಮ್ಮ ಓವನ್ನಿನ ಗಾಜಿನ ಬಾಗಿಲಿಗೆ ಹಿಂಗೈ ಒತ್ತಿ, ಕಣ್ಣು ಮುಚ್ಚಿ ನಿಂತ ದಿನ. ಉತ್ತರ ಆಕೆಯೇ ಕೊಟ್ಟಿದ್ದರು. "ಸುಡತ್ತೆ ಕಂದಾ. ಸುಟ್ಟರೆ ತಾನೇ ಎಷ್ಟು ಬಿಸಿ ಅಂತ ಗೊತ್ತಾಗೋದು?"

ಓವನ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಆಕೆ ಮಾಡಿದ್ದೇ ಅದು. ಸಾಲಾಗಿ ಬರುವ ಓವನ್‌ಗಳ ಬಾಗಿಲು ಮುಟ್ಟುವುದು, ಹೋಗಲಿ ಇಲ್ಲವೇ ನಿಲ್ಲಲಿ ಎನ್ನುವುದು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಬ್ಯಾಗು ಹೆಗಲಿಗೇರಿಸಿ ಮನೆಮನೆ ರಿಪೇರಿಗೆ ಇಳಿದರು. ಹೆಂಗಸೇ ಎಂದು ಹುಬ್ಬೇರಿಸಿದವರಿಗೆ, "ಮೆಕ್ಯಾನಿಕ್ ಹಿಂದೆ ಬರ್ತಿದ್ದಾನೆ, ಅಲ್ಲೀತನಕ ನಾನು ನೋಡ್ತಿರ್ಲಾ?" ಎಂದು ಒಳನುಗ್ಗಿ, ಕೆಲಸ ಮುಗಿಸಿಕೊಂಡೇ ಹೊರಬರುತ್ತಿದ್ದರಂತೆ.

ಪುಸ್ತಕ, ಚೀಟಿ ಯಾವುದೂ ಇಲ್ಲ, ಎಲ್ಲ ತಲೆಯಲ್ಲೇ. ಒಂದೇ ಒಂದು ಗುರುತು ಮಾತ್ರ: ಹೊಸ ಭಾಗ ಸಿಗುವವರೆಗೆ ಯಾರದೋ ಮನೆಯಲ್ಲಿ ತಾತ್ಕಾಲಿಕವಾಗಿ ತಂತಿ ಜೋಡಿಸಿದ್ದರೆ, ಬ್ಯಾಗಿನ ಹಿಡಿಗೆ ಕಟ್ಟಿದ ಹಳದಿ ದಾರಕ್ಕೆ ಒಂದು ಗಂಟು. ಸರಿಯಾದ ಭಾಗ ಕೂಡಿಸಿದ ದಿನ ಆ ಗಂಟು ಬಿಚ್ಚುವುದು.

ಇಂದು ಮಧ್ಯಾಹ್ನ ಪುಟ್ಟಿಯ ಶಾಲೆಗೆಂದು ಇಪ್ಪತ್ತೆಂಟು ಬನ್ ಒಳಗಿಟ್ಟು ನೂರ ಎಂಬತ್ತು ಡಿಗ್ರಿಗೆ ತಿರುಗಿಸಿದ್ದೆ. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಡುಗೆಮನೆ ತುಂಬ ಸುಟ್ಟ ಬಣ್ಣದ ವಾಸನೆ. ಡಿಸ್‌ಪ್ಲೇಯಲ್ಲಿ 'ಎಫ್ 2' ಮಿನುಗುತ್ತಿತ್ತು. ಆಫ್ ಒತ್ತಿದೆ. ಮತ್ತೆ ಒತ್ತಿದೆ. ಒಳಗಿನ ಕಾಯಿಲ್ ಕೆಂಪಗೆ ಉರಿಯುತ್ತಲೇ ಇತ್ತು.

ಫೋನ್ ಮಾಡಿದೆ. ಓವನ್ ಆಫ್ ಆಗುತ್ತಿಲ್ಲ ಎನ್ನುವಷ್ಟರಲ್ಲೇ ಆಕೆ ತಡೆದರು.

"ಮೇನ್ ಆಫ್ ಮಾಡು. ಬಾಗಿಲು ತೆಗೀಬೇಡ, ಗಾಳಿ ಒಳಗೆ ಹೋದ್ರೆ ಧಗ್ ಅನ್ನತ್ತೆ. ಮಗೂನ ಆಚೆ ಕಳ್ಸು. ಬಂದೆ."

ಬಂದರು. ತಣ್ಣಗಾದ ಮೇಲೆ ಬಾಗಿಲು ತೆರೆದು ನೋಡಿ, "ಬನ್ನಲ್ಲ ಇದು, ಇದ್ದಿಲು. ಹಲ್ಲುಜ್ಜೋಕೆ ಇಟ್ಕೋ" ಎಂದರು. ಮೀಟರ್ ಹಿಡಿದು ಸೆನ್ಸರ್ ನೋಡಿದರು, ಅದು ಸರಿಯಿತ್ತು. ಬೋರ್ಡಿನ ರಿಲೇ ಕರಗಿ ಅಂಟಿಕೊಂಡಿತ್ತು, ಅದಕ್ಕೇ ಆಫ್ ಒತ್ತಿದರೂ ಕರೆಂಟ್ ನಿಂತಿರಲಿಲ್ಲ.

"ಹಾಗಾದ್ರೂ ಕಟಾಫ್ ಹಾರ್ಬೇಕಿತ್ತಲ್ಲ..." ಎನ್ನುತ್ತ ಹಿಂದಿನ ತಗಡು ಬಿಚ್ಚಿದರು. ಬಿಸಿ ಮಿತಿಮೀರಿದರೆ ತಾನಾಗಿ ಕರೆಂಟ್ ಕಡಿಯುವ ಪುಟ್ಟ ಬಿಲ್ಲೆ ಅದು. ಅದರ ಜಾಗದಲ್ಲಿ ಬಿಲ್ಲೆ ಇರಲಿಲ್ಲ, ಬೆರಳುದ್ದದ ತಂತಿಯೊಂದು ಇತ್ತು.

ಆಕೆ ತಗಡನ್ನು ನೆಲಕ್ಕೆ ಬಡಿದರು. "ಯಾವ ಮುಠ್ಠಾಳ ಮಾಡಿದ್ದು ಇದನ್ನ?"

ನನಗೆ ಆಗಲೇ ನೆನಪಾದದ್ದು. ಫ್ರಿಜ್ ಮೇಲಿನ ಡೈರಿ ತೆಗೆದು ಮೂರು ವಾರ ಹಿಂದಿನ ಪುಟ ತೋರಿಸಿದೆ. 'ಕಟಾಫ್ ಕೆಟ್ಟಿದೆ. ಬೇಡ ಬೇಡ ಎಂದರೂ ನಾನೇ ಗೋಗರೆದೆ. ಎರಡೇ ದಿನಕ್ಕೆ ಎಂದು ಮೆಕ್ಯಾನಿಕಮ್ಮ ತಂತಿ ಜೋಡಿಸಿ ಹೋದರು.'

ಎರಡು ಸಲ ಓದಿದರು. ಬ್ಯಾಗಿನೊಳಗೆ ಕೈಹಾಕಿದಾಗ ಕಾಗದದಲ್ಲಿ ಸುತ್ತಿದ ಹೊಸ ಬಿಲ್ಲೆಗಳು ಸಿಕ್ಕವು. ಒಂದಲ್ಲ, ಎರಡು. ದಾರದ ಮೇಲೂ ಎರಡು ಗಂಟು.

ಒಂದು ಬಿಲ್ಲೆ ನಮ್ಮ ಓವನ್ನಿಗೆ ಕೂಡಿಸಿ ಒಂದು ಗಂಟು ಬಿಚ್ಚಿದರು. "ಬೋರ್ಡ್ ಬರೋತನಕ ಇದನ್ನ ಮುಟ್ಟಕೂಡದು" ಎಂದರು. ಆಮೇಲೆ ಉಳಿದ ಗಂಟನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು.

"ಇದು ಯಾರ ಮನೇದು?" ಕೇಳಿದೆ.

"ಹಸಿರು ಟೈಲ್ಸು. ಕಿಟಕೀಲಿ ಪಂಜರ." ಹಣೆ ಒತ್ತಿಕೊಂಡರು. "ಅಡುಗೆಮನೆ ಕಣ್ಣಿಗೆ ಕಟ್ಟಿದ ಹಾಗಿದೆ ಕಣೇ. ಯಾರ ಮನೆ ಅಂತ ನೆನಪಿಗೆ ಬರ್ತಿಲ್ಲ."

ಆಕೆಯ ಫೋನ್ ಇಸಿದುಕೊಂಡು ಹಿಂದಿನ ಕರೆಗಳಿಗೆಲ್ಲ ಒಂದೊಂದಾಗಿ ನಾನೇ ಫೋನ್ ಮಾಡಿದೆ. ಒಬ್ಬರದು ಪೂರ್ತಿ ರಿಪೇರಿಯಾಗಿತ್ತು, ಇನ್ನೊಬ್ಬರು ಎತ್ತಲಿಲ್ಲ, ಮತ್ತೊಬ್ಬಾಕೆ "ಈಗ ಯಾಕಮ್ಮ ವಿಚಾರಣೆ?" ಎಂದು ಇಟ್ಟುಬಿಟ್ಟಳು. ಒಂಬತ್ತನೆಯ ಕರೆಗೆ ವಯಸ್ಸಾದ ಗಂಡಸಿನ ದನಿ, ಹಿಂದೆ ಗಿಳಿಯ ಕಿರುಚಾಟ.

"ಎರಡು ದಿನದಲ್ಲಿ ಬರ್ತೀನಿ ಅಂದೋರು ಪತ್ತೇನೇ ಇಲ್ವಲ್ಲಮ್ಮ. ಈಗ್ಲೂ ಉರೀತಿದೆ, ಒಳಗೆ ಕೇಕ್ ಇದೆ."

ಆಕೆ ಫೋನ್ ಕಿತ್ತುಕೊಂಡರು. "ಅಣ್ಣಾ, ಮೇನ್ ಆಫ್ ಮಾಡಿ!"

"ಕೇಕ್ ಕೆಟ್ಟೋಗತ್ತೆ..."

"ಕೆಟ್ಟಿದ್ದನ್ನ ನಾನೇ ತಿಂತೀನಿ, ಮೊದ್ಲು ಆಫ್ ಮಾಡಿ!"

ಚಪ್ಪಲಿ ಎಳೆದಾಡುವ ಸದ್ದು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಟಕ್ ಎಂದಿತು. ಗಿಳಿಯೂ ಸುಮ್ಮನಾಯಿತು.

ಆಕೆ ವಿಳಾಸ ಕೇಳಿಕೊಂಡರು. ನಾನು ಅದನ್ನು ಹಾಳೆಯಲ್ಲಿ ಬರೆದು ಕೈಗಿಟ್ಟೆ. ಬ್ಯಾಗು ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತವರು ಫ್ರಿಜ್ ಮೇಲಿನ ಡೈರಿಯತ್ತ ನೋಡಿದರು.

"ಮಗಳೇ, ಒಂದು ಉಪಕಾರ ಮಾಡ್ತೀಯಾ? ದಿನಾ ಸಂಜೆ ಫೋನ್ ಮಾಡ್ತೀನಿ. ಯಾರ ಮನೇಲಿ ಏನು ಮುಟ್ಟಿದೆ ಅಂತ ಹೇಳ್ತೀನಿ, ನೀನು ಬರ್ಕೋ. ಒಂದಿನ ಒಂದೇ ಮನೇನ ಎರಡು ಸಲ ಹೇಳಿದ್ರೆ, ಮುಲಾಜು ನೋಡ್ಬೇಡ. ಬಂದು ಈ ಬ್ಯಾಗು ಇಸ್ಕೊಂಡ್ಬಿಡು."