ನೀರು ಕುಡಿಯದ ಬ್ಯಾಟರಿ

ಅಂದು ಅಂಗಡಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಮೀಟರು ಹಿಡಿದ ನಾನು. ಪಕ್ಕದ ಮೇಜಿನಲ್ಲಿ ಮೋಟಾರಿನ ಕಾಯಿಲ್ ಸುತ್ತುತ್ತ ಕುಳಿತ ಸಿದ್ರಾಮಪ್ಪ. ತಿಕೋಟಾದಿಂದ ಬಂದಿದ್ದ ಗೌಸುಸಾಬರು. ಐದು ಲೀಟರಿನ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಬಾಗಿಲ ಹತ್ತಿರ ಕುಳಿತಿದ್ದ ಅವರ ಹೆಂಡತಿ ಬಿಬಿಜಾನ್. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಮತ್ತು ಬ್ಯಾಟರಿ ಕೆಲಸ ಶುರು ಮಾಡಿ ಆಗ ಇಪ್ಪತ್ತೇಳು ವರ್ಷ ತುಂಬಿತ್ತು. ಇದು ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳ ಮಾತು, ಒಣದ್ರಾಕ್ಷಿಯ ಸುಗ್ಗಿ. ಕ್ಯಾನಿನಲ್ಲಿದ್ದದ್ದು ಡಿಪ್ಪಿಂಗ್ ಆಯಿಲ್. ದ್ರಾಕ್ಷಿ ಬೇಗ ಒಣಗಲೆಂದು ಗೊಂಚಲು ಅದ್ದುವ ನೀರಿಗೆ ಇದನ್ನು ಬೆರೆಸುತ್ತಾರೆ. ದಂಪತಿಗೆ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಸ್ವಂತ ಶೆಡ್ಡಿದೆ.

ಗೌಸುಸಾಬರದು ಮುನ್ನೂರೈವತ್ತು ಸಿಸಿಯ ಹಳೆಯ ಗಾಡಿ. ಹಿಂದಿನ ವರ್ಷ ಶೆಡ್ಡಿನ ಅಟ್ಟಣಿಗೆಯಿಂದ ಜಾರಿ ಬಿದ್ದು ಮೊಣಕಾಲು ಹೋಗಿತ್ತು, ಕಿಕ್ ಹೊಡೆಯುವುದು ಆಗುತ್ತಿರಲಿಲ್ಲ. ಬಟನ್ ಒತ್ತಿದರೆ ಗಾಡಿ ಏಳಬೇಕು, ಅದಕ್ಕೆ ಗಟ್ಟಿ ಬ್ಯಾಟರಿ ಬೇಕು.

“ಈರಣ್ಣಾರ, ಈ ಬ್ಯಾಟರಿ ಎಮ್ಮಿ ಕುಡದಂಗ ನೀರ ಕುಡಿತೈತ್ರಿ. ಎಂಟ ದಿನಕ್ಕೊಮ್ಮಿ ಬಾಟ್ಲಿ ಖಾಲಿ. ನೀರ ಬ್ಯಾಡ ಅನ್ನೂದು ಒಂದ ಕೊಡ್ರಿ.”

ಬಿಬಿಜಾನ್ ಬಾಗಿಲಿಂದಲೇ ಸೇರಿಸಿದರು: “ಹೆಡ್‌ಲೈಟಿನ ಬಲ್ಬೂ ಒಂದ ಕೊಡ್ರಿ ಅಣ್ಣಾರ. ಈ ತಿಂಗಳದಾಗ ಇದು ಮೂರನೇದು.”

ಗಂಡ ಒಂದು ಮಾತು, ಹೆಂಡತಿ ಒಂದು ಮಾತು. ಗಾಡಿಯ ರೋಗ ಏನೆಂದು ಹೇಳಲು ಅಷ್ಟು ಸಾಕಾಗಿತ್ತು. ಆದರೆ ನನ್ನ ಕಿವಿ ಆ ಹೊತ್ತಿಗೆ ಮಾರುವವನ ಕಿವಿಯಾಗಿತ್ತು.

ಸಾಮಾನ್ಯ ಬ್ಯಾಟರಿಯ ಒಳಗೆ ಸೀಸದ ತಗಡು, ಆಸಿಡ್ ಮತ್ತು ನೀರು ಇರುತ್ತವೆ. ಭಾರ ಹೆಚ್ಚು, ಬೆಲೆ ಕಡಿಮೆ. ಲಿಥಿಯಂ ಬ್ಯಾಟರಿ ಅದರ ಮೂರನೇ ಒಂದು ಪಾಲಷ್ಟೂ ತೂಗುವುದಿಲ್ಲ, ನೀರು ಕೇಳುವುದಿಲ್ಲ, ಎರಡು ತಿಂಗಳು ಗಾಡಿ ನಿಲ್ಲಿಸಿದರೂ ಬಟನ್ನಿಗೆ ಓಗೊಡುತ್ತದೆ. ಬೆಲೆ ಮಾತ್ರ ಮೂರು ಪಟ್ಟು. ಆದರೆ ಅಸಲಿ ವ್ಯತ್ಯಾಸ ತಾಳ್ಮೆಯದು. ಗಾಡಿ ಓಡುವಾಗ ಇಂಜಿನ್ ಬ್ಯಾಟರಿಗೆ ಕರೆಂಟು ತುಂಬುತ್ತಿರುತ್ತದೆ. ಅದು ಹದ್ದು ಮೀರದಂತೆ ತಡೆಯುವ ಅಂಗೈಯಗಲದ ಭಾಗಕ್ಕೆ ರೆಗ್ಯುಲೇಟರ್ ಎನ್ನುತ್ತಾರೆ. ಅದು ಕೆಟ್ಟರೆ ಸೀಸದ ಬ್ಯಾಟರಿ ಹೆಚ್ಚಾದ ಕರೆಂಟನ್ನು ತನ್ನ ನೀರು ಸುಟ್ಟುಕೊಂಡು ಸಹಿಸುತ್ತದೆ. ಲಿಥಿಯಂಗೆ ಹದಿನಾಲ್ಕೂವರೆ ವೋಲ್ಟಿನ ಆಚೆ ಸಹನೆ ಇಲ್ಲ, ಕಾದು ಉಬ್ಬಿ ಹೊತ್ತಿಕೊಳ್ಳಲೂಬಹುದು.

ನಾನು ಲಿಥಿಯಂ ಕೂಡಿಸಿದೆ. ಇಂಜಿನ್ ಮೆಲ್ಲಗೆ ಓಡುವಾಗ ಮೀಟರು 13.9 ವೋಲ್ಟು ತೋರಿಸಿತು. ಆಮೇಲೆ ಆಕ್ಸಿಲರೇಟರ್ ತಿರುವಿ ಜೋರಿನಲ್ಲಿಯೂ ನೋಡಬೇಕು. ಕಲಿಸಿದ ಗುರುಗಳು ಹೇಳಿದ್ದು ಅದನ್ನೇ, ನಾನು ಹತ್ತು ಜನಕ್ಕೆ ಹೇಳಿದ್ದೂ ಅದನ್ನೇ. ಅಷ್ಟರಲ್ಲಿ ಹಿಂದೆ ಒಂದು ಟಂಟಂ ಆಟೋ ಬಂದು ದಾರಿ ಬಿಡಿರೆಂದು ಹಾರ್ನ್ ಹೊಡೆಯತೊಡಗಿತು. “ಸರಿ ಐತ್ರಿ, ಹೋಗಿ ಬರ್ರಿ” ಎಂದೆ. ಎಣ್ಣೆಯ ಕ್ಯಾನನ್ನು ಗಾಡಿಯ ಪಕ್ಕದ ಕೊಂಡಿಗೆ ಸಿಕ್ಕಿಸಿದವನೂ ನಾನೇ. ಅದರ ಹಿಂದೆ, ಒಂದು ಗೇಣು ದೂರದಲ್ಲಿ, ಬ್ಯಾಟರಿ.

ಕಾಲು ಗಂಟೆ ಕಳೆದಿರಬಹುದು. ಸಿದ್ರಾಮಪ್ಪ ಜಾಗ ಮಾಡಿಕೊಳ್ಳಲು ಅವರ ಹಳೆಯ ಬ್ಯಾಟರಿಯನ್ನು ಎತ್ತಿದವನು ಹಾಗೆಯೇ ಹಿಡಿದು ನಿಂತ.

“ಲೇ ಈರ್ಯಾ, ಇದೇನ ಬ್ಯಾಟರಿನೋ, ಬಸರಿ ಹೆಣ್ಣೋ? ಹೊಟ್ಟಿ ಹಿಂಗ್ಯಾಕ ಬಂದೈತಿ?”

“ಹಳೇದಲ್ಲೋ ಅದು.”

“ಮುಪ್ಪಾದ್ರ ಸೊರಗತೈತಿ, ಉಬ್ಬಂಗಿಲ್ಲ. ಇದನ್ನ ಒಲಿಮ್ಯಾಲಿಟ್ಟಂಗ ಕುದಿಸ್ಯಾರ ನೋಡು.”

ಮುಚ್ಚಳ ತೆಗೆದು ನೋಡಿದೆ. ಮೂರು ದಿನದ ಹಿಂದಷ್ಟೇ ನೀರು ಹಾಕಿದ್ದಾಗಿ ಗೌಸುಸಾಬರು ಹೇಳಿದ್ದರು. ತಗಡುಗಳು ಒಣಗಿ ನಿಂತಿದ್ದವು. ಮೂರನೆಯ ಬಲ್ಬು ಆಗ ನೆನಪಾಯಿತು. ಬ್ಯಾಟರಿ ನೀರು ಕುಡಿಯುತ್ತಿರಲಿಲ್ಲ. ರೆಗ್ಯುಲೇಟರ್ ಕೆಟ್ಟು ಅದನ್ನು ಬೇಯಿಸುತ್ತಿತ್ತು, ಬಲ್ಬುಗಳನ್ನು ಸುಡುತ್ತಿತ್ತು. ಊರೊಳಗಿನ ಮೆಲ್ಲನೆಯ ಓಟದಲ್ಲಿ ಅದು ಗೊತ್ತಾಗದು. ತಿಕೋಟಾದ ಖಾಲಿ ರಸ್ತೆಗೆ ಬಿದ್ದು ಗಾಡಿ ವೇಗ ಹಿಡಿದರೆ ಗೊತ್ತಾಗುತ್ತದೆ.

ಗೌಸುಸಾಬರಿಗೆ ಫೋನು ಹಚ್ಚಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಗಾಡಿ ಓಡಿಸುವವರು ಹೇಗೆ ಎತ್ತುತ್ತಾರೆ? ಬಿಬಿಜಾನರ ನಂಬರು ನನ್ನಲ್ಲಿರಲಿಲ್ಲ. “ನೀ ಹಚ್ಚಕೋಂತ ಇರು” ಎಂದು ಸಿದ್ರಾಮಪ್ಪನ ಕೈಗೆ ನಂಬರು ಕೊಟ್ಟು ಸ್ಕೂಟರು ಹತ್ತಿದೆ.

ಆ ದಾರಿಯಲ್ಲಿ ಸಾವಿರ ಸಲ ಹೋಗಿದ್ದೇನೆ, ಅಷ್ಟು ಉದ್ದ ಎಂದೂ ಅನ್ನಿಸಿರಲಿಲ್ಲ. ಬಿಸಿಲು ಏರಿತ್ತು. ಗೌಸುಸಾಬರ ಮೊಣಕಾಲು ನೆನಪಾಗುತ್ತಿತ್ತು, ಬೆಂಕಿ ಕಂಡರೂ ಹಾರಿ ಇಳಿಯುವ ಕಾಲಲ್ಲ ಅದು. ಬಿಬಿಜಾನರದು ಒಂದೇ ಪಕ್ಕಕ್ಕೆ ಕೂತ ಸವಾರಿ, ಪಾದದ ಬಳಿಯೇ ಕ್ಯಾನು. ಊರು ದಾಟಿ ಕೆಲವು ಮೈಲಿಯಾದ ಮೇಲೆ ಮುಂದೆ ರಸ್ತೆಯ ಅಂಚಿನಲ್ಲಿ ಕಪ್ಪು ಹೊಗೆ ಎದ್ದದ್ದು ಕಂಡಿತು. ಹತ್ತಿರ ಹೋದರೆ ಯಾರೋ ಹರಿದ ನೆರಳು ಬಲೆ ಸುಡುತ್ತಿದ್ದರು. ಅಲ್ಲಿ ನಿಲ್ಲಿಸಿ ಉಸಿರು ಬಿಡಲೂ ಧೈರ್ಯವಾಗದೆ ಮುಂದೆ ಹೋದೆ.

ತಿಕೋಟಾ ಇನ್ನೂ ನಾಲ್ಕು ಮೈಲಿ ಇರುವಾಗ, ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಂತಿತ್ತು. ಬಿಬಿಜಾನ್ ಕ್ಯಾನಿನ ಮೇಲೆ ಕುಳಿತಿದ್ದರು. ಗೌಸುಸಾಬರು ಗಾಡಿಯ ಪಕ್ಕದ ಮುಚ್ಚಳ ತೆಗೆದು, ಒಂದು ಕೈಯಲ್ಲಿ ಡಿಸ್ಟಿಲ್ಡ್ ವಾಟರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸ್ಕ್ರೂಡ್ರೈವರನ್ನು ಹೊಸ ಬ್ಯಾಟರಿಯ ಅಂಚಿಗೆ ಹಾಕಿ ಮೀಟುತ್ತಿದ್ದರು. ಕಿಸೆಯಲ್ಲಿ ಫೋನು ಬಾರಿಸುತ್ತಲೇ ಇತ್ತು, ಎತ್ತಲು ಕೈ ಬಿಡುವಿರಲಿಲ್ಲ.

“ಗೌಸುಸಾಬ್ರ, ಕೈ ತಗೀರಿ” ಎಂದು ಕೂಗಿದೆ.

ಅವರು ತಲೆಯೆತ್ತಿ ನಕ್ಕರು. “ಬರ್ರಿ, ಛೋಲೋ ಆತು ಬಂದಿದ್ದು. ಸುಡಾಕತ್ತೈತ್ರಿ ಇದು. ನೀರ ಆರಿರಬೇಕಂತ ನೋಡಾಕತ್ತೀನಿ, ಬಾಯಿನ ಸಿಗವಲ್ದು.”

“ಅದಕ್ಕ ಬಾಯಿನ ಇಲ್ರೀ. ಅಲ್ಲೇ ಬಿಡ್ರಿ, ಈ ಕಡಿ ಬರ್ರಿ.”

ಮೂವತ್ತು ವರ್ಷ ಸೀಸದ ಬ್ಯಾಟರಿಗೆ ನೀರು ಹಾಕಿ ಸಾಕಿದ ಕೈ ಅದು. ಬಿಸಿಯಾದರೆ ಬಾಯಾರಿದೆ ಎಂದೇ ಅರ್ಥ. ಸ್ಕ್ರೂಡ್ರೈವರಿನ ಮೊನೆ ಒಳಗಿನ ಸೆಲ್ಲಿಗೆ ಇಳಿದಿದ್ದರೆ ಆ ಕೈ ಉಳಿಯುತ್ತಿರಲಿಲ್ಲ. ಡಬ್ಬಿಯ ಎರಡೂ ಪಕ್ಕ ಆಗಲೇ ಉಬ್ಬಿದ್ದವು, ಘಾಟಾದ ಸಿಹಿ ವಾಸನೆ ಬರುತ್ತಿತ್ತು. ಕೀಲಿ ಬಂದ್ ಆಗಿದೆಯೆಂದು ನೋಡಿ, ಗೌಸುಸಾಬರ ರಟ್ಟೆ ಹಿಡಿದು, ಕ್ಯಾನನ್ನೂ ಎತ್ತಿಕೊಂಡು, ಮೂವರೂ ಗಾಳಿಯ ವಿರುದ್ಧ ದಿಕ್ಕಿಗೆ ಐವತ್ತು ಹೆಜ್ಜೆ ಹೋಗಿ ನಿಂತೆವು.

ಐದು ನಿಮಿಷ ಏನೂ ಆಗಲಿಲ್ಲ. “ನನ್ನ ಗಾಡಿ ರೀ” ಎಂದು ಗೌಸುಸಾಬರು ಒಂದು ಹೆಜ್ಜೆ ಮುಂದಿಟ್ಟರು. ಬಿಬಿಜಾನ್ ಅವರ ಅಂಗಿ ಹಿಡಿದರು. ಆಗ ಕುಕ್ಕರಿನ ಸೀಟಿಯಂಥ ಸದ್ದಾಯಿತು. ಸೀಟಿನ ಕೆಳಗಿಂದ ಬಿಳಿ ಹೊಗೆ ದಪ್ಪಗೆ ಎದ್ದು ಗಿಡದ ಟೊಂಗೆ ಮುಟ್ಟಿತು. ಸೀಟಿನ ರೆಗ್ಜಿನ್ ಕರಗಿ ಇಳಿಯಿತು. ಉರಿ ಏಳಲಿಲ್ಲ. ಏಳುತ್ತದೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ನಮಗೆ ಹೇಳುವವರು ಯಾರೂ ಇರಲಿಲ್ಲ.

ಹೊಗೆ ನಿಂತ ಮೇಲೆ ಮೊದಲು ಕೇಳಿದವರು ಬಿಬಿಜಾನ್. “ನಿಮಗ ಮೊದಲ ಗೊತ್ತಿತ್ತೇನ್ರಿ ಅಣ್ಣಾರ?”

“ಗೊತ್ತಾಗಬೇಕಿತ್ತು ತಂಗೆವ್ವ. ನೀವಿಬ್ಬರೂ ಹೇಳಿದ್ರಿ. ನಾ ಕೇಳಲಿಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬಂದ ಬಸ್ಸಿಗೆ ಕೈ ಮಾಡಿ, ಕ್ಯಾನು ಎತ್ತಿಕೊಂಡು ಹತ್ತಿದರು. ಗಂಡನ ಕಡೆಗೂ ತಿರುಗಿ ನೋಡಲಿಲ್ಲ.

ಗಾಡಿಯನ್ನು ಟೆಂಪೋದಲ್ಲಿ ಅಂಗಡಿಗೆ ತಂದು, ಬೇರೆ ಬ್ಯಾಟರಿ ಹಚ್ಚಿ, ಈ ಸಲ ಜೋರಾಗಿ ತಿರುವಿ ನೋಡಿದೆ. ಮೀಟರು 17.2ಕ್ಕೆ ಹೋಯಿತು. ರೆಗ್ಯುಲೇಟರು, ಸುಟ್ಟ ವೈರಿಂಗು, ಸೀಟು ಎಲ್ಲ ನನ್ನ ಖರ್ಚಿನಲ್ಲಿ ಹೊಸದಾದವು. ಗೌಸುಸಾಬರು ಪಕ್ಕದಲ್ಲಿ ಕೂತು ನೋಡುತ್ತಿದ್ದರು.

“ಹಂಗಾರ ಲಿಥಿಯಂ ಕೆಟ್ಟದ್ದೇನ್ರಿ?”

“ಕೆಟ್ಟದ್ದಲ್ರಿ. ರೆಗ್ಯುಲೇಟರ್ ಸರಿ ಇದ್ದ ಗಾಡಿಗೆ ಛೋಲೋನ. ನಿಮ್ಮ ಗಾಡಿಗೆ ವಯಸ್ಸಾಗೈತಿ, ನಾಳೆ ಮತ್ತೇನರ ಕೆಡತೈತಿ. ಸೀಸದ್ದಾದ್ರ ನೀರು ಇಳಿದು ಎಂಟ ದಿನ ಮೊದಲ ನಿಮಗ ಹೇಳತೈತಿ. ಅದು ಹೇಳಿದಾಗ ನೀರ ಅಷ್ಟ ಹಾಕಬ್ಯಾಡ್ರಿ, ನನ್ನ ಕಡಿ ಬರ್ರಿ.”

ಅವರಿಗೆ ನೀರಿನ ಮುಚ್ಚಳವಿರುವ ಸೀಸದ ಬ್ಯಾಟರಿಯನ್ನೇ ಕೂಡಿಸಿದೆ. ಅಂದಿನಿಂದ ಬಾಗಿಲಿಗೆ ಬಂದವರಿಗೆ ಯಾವ ಬ್ಯಾಟರಿ ಬೇಕೆಂದು ಕೇಳುವ ಮೊದಲು, ಹಳೆಯದು ಹೇಗೆ ಸತ್ತಿತು ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಕಪಾಟು ತೆರೆಯುವುದಿಲ್ಲ. ಮೊನ್ನೆ ಸಾರವಾಡದ ಒಬ್ಬರು “ಬ್ಯಾಟರಿ ಅಂಗಡಿಯೋ, ಪೊಲೀಸ್ ಠಾಣೆಯೋ” ಎಂದು ಸಿಟ್ಟಾಗಿ ಎದ್ದು ಹೋದರು. ಹೋಗಲಿ ಬಿಡಿ.

ಬಿಬಿಜಾನ್ ಆ ಸುಗ್ಗಿ ಮುಗಿದರೂ ಆ ಗಾಡಿ ಹತ್ತಲಿಲ್ಲವಂತೆ. ಎಣ್ಣೆಗೂ ಸಂತೆಗೂ ಬಸ್ಸಿನಲ್ಲೇ ಓಡಾಡಿದರಂತೆ. ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಗೌಸುಸಾಬರು ಗಾಡಿ ತಂದು ಅಂಗಡಿ ಮುಂದೆ ನಿಲ್ಲಿಸಿದರು. ಹಿಂದೆಯೇ ಆಟೋದಿಂದ ಬಿಬಿಜಾನ್ ಇಳಿದು ಬಂದು, “ಆ ಮೀಟರ್ ಹಚ್ಚರಿ ಅಣ್ಣಾರ. ನಾನ ತಿರುವತೀನಿ, ನಾನ ನೋಡತೀನಿ” ಎಂದರು. ಹಚ್ಚಿಕೊಟ್ಟೆ. ಅವರು ಆಕ್ಸಿಲರೇಟರ್ ಹಿಡಿದು ಓಣಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ತಿರುವಿದರು. ಮೀಟರಿನಲ್ಲಿ 14.2 ಬಂದು ನಿಂತಿತು, ಕದಲಲಿಲ್ಲ. ಅವರು ಇನ್ನೂ ಒಂದು ಸಲ ತಿರುವಿ ನೋಡಿ, ಆಟೋದವನಿಗೆ ನೀ ಹೋಗಪ್ಪ ಎಂದು ಹೇಳಿ, ಗಂಡನ ಹಿಂದೆ ಹತ್ತಿ ಕುಳಿತರು.