ಎರಡು ಟ್ರೇಲರ್, ಒಂದು ದೋಣಿ

ಆ ಕಾಲದಲ್ಲಿ ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಬಾಡಿಗೆ ಮನೆಗಳಿಗೂ ದೊಡ್ಡ ಹಿತ್ತಲಿರುತ್ತಿತ್ತು. ನಡುವೆ ಬಟ್ಟೆ ಒಣಹಾಕುವ ತಿರುಗುವ ಕಂಬ, ಬೇಲಿಯ ಬದಿಗೆ ಕರಿಬೇವಿನ ಕುಂಡ, ಡಿಸೆಂಬರ್ ಬಂತೆಂದರೆ ಸುಟ್ಟು ಕಂದಾಗುವ ಹುಲ್ಲು. ಊರಿಗೆ ಮಾತಾಡಬೇಕಾದರೆ ಅಂಗಡಿಯಿಂದ ಫೋನ್ ಕಾರ್ಡ್ ತಂದು, ಅದರ ಬೆಳ್ಳಿ ಪಟ್ಟಿಯನ್ನು ಉಗುರಿನಿಂದ ಕೆರೆದು, ಉದ್ದುದ್ದ ನಂಬರು ಒತ್ತಬೇಕಿತ್ತು. ಇಲ್ಲಿ ಬೆಳೆದ ನನ್ನ ಓರಗೆಯವರಿಗೆಲ್ಲ ಇಷ್ಟು ನೆನಪಿದ್ದೇ ಇರುತ್ತದೆ. ನಮ್ಮ ಹಿತ್ತಲಲ್ಲಿ ಇದರ ಜೊತೆಗೆ ಒಂದು ದೋಣಿಯೂ ಇತ್ತು.

ದೋಣಿಯ ಬಗ್ಗೆ ನನಗೊಂದು ಖಚಿತವಾದ ನೆನಪಿದೆ. ನಾನು ಅಮ್ಮನ ತಮ್ಮ ಸುಧಾಕರ ಮಾಮನ ಯೂಟ್‌ನ ಹಿಂದಿನ ಸೀಟಿನಲ್ಲಿ ತಿರುಗಿ ಮಂಡಿಯೂರಿ ಕೂತಿದ್ದೇನೆ. ಪಿಕಪ್ ಗಾಡಿಗೆ ಇಲ್ಲಿ ಯೂಟ್ ಅನ್ನುತ್ತಾರೆ. ಹಿಂದಿನ ಗಾಜಿನಾಚೆ ಮನೆ ಸಾಮಾನಿನ ಟ್ರೇಲರ್, ಅದರ ಬೆನ್ನಿಗೆ ದೋಣಿಯ ಟ್ರೇಲರ್. ಎರಡೂ ಸಾಲಾಗಿ, ಬಾಲ ಆಡಿಸುತ್ತ, ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವ ಹೈವೇಯಲ್ಲಿ ನಮ್ಮನ್ನು ಹಿಂಬಾಲಿಸುತ್ತಿವೆ. ಕಾಲೇಜಿನಲ್ಲಿ, ಆಫೀಸಿನಲ್ಲಿ, ಮದುವೆಯ ಮೊದಲು ಹೆಂಡತಿಯ ಎದುರಿನಲ್ಲಿ, ಎಲ್ಲ ಕಡೆ ನಾನು ಈ ಕಥೆ ಹೇಳಿದ್ದೇನೆ.

ಹೋದ ತಿಂಗಳು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಿಂದ ಅಮ್ಮ ಫೋನ್ ಮಾಡಿದಾಗ ಮತ್ತೆ ಹೇಳಿದೆ. ಅವಳು ನಕ್ಕಳು. "ಎಂತ ಎರಡು? ಒಂದೇ ಹೋದದ್ದು. ಎರಡನೇದು ಗೇಟು ದಾಟ್ಲೇ ಇಲ್ಲ."

ಹಿಂದಿನಿಂದ ಅಪ್ಪ ಕೂಗಿದರು. "ದಾಟ್ತು ಕಣೇ. ಬೀದಿ ಕೊನೇವರೆಗೂ ಹೋಯ್ತು."

ಮಾಮನಿಗೆ ಫೋನ್ ಮಾಡಿದೆ. "ಗೋಲ್‌ಬರ್ನ್‌ವರೆಗೆ ಎರಡೂ ಎಳ್ಕೊಂಡು ಹೋಗಿದ್ದೇನೆ ಮಾರಾಯ! ನಿನ್ನ ಅಪ್ಪನಿಗೆ ಎಂತ ಗೊತ್ತುಂಟು?"

ನಾನು ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿ ಇದ್ದರೆ ಅನುಮಾನಿಸು ಎಂದು ಕಲಿಸಿದ್ದರು. ನಾಲ್ವರು ಸಾಕ್ಷಿಗಳಿದ್ದು ನಾಲ್ವರೂ ಬೇರೆ ಬೇರೆ ಹೇಳಿದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ಆದ್ದರಿಂದ ಎಲ್ಲರೂ ಒಪ್ಪುವುದನ್ನು ಮೊದಲು ಬರೆಯುತ್ತೇನೆ.

ದೋಣಿ ಮಾಡಿದ್ದು ಅಜ್ಜ, ಅಮ್ಮನ ಅಪ್ಪ. ಮಲ್ಪೆಯಲ್ಲಿ ಅವರದು ದೋಣಿ ಕಟ್ಟುವ ಕೆಲಸ. ವಿಸಿಟರ್ ವೀಸಾದಲ್ಲಿ ನಮ್ಮಲ್ಲಿಗೆ ಬಂದವರಿಗೆ ಬ್ಲ್ಯಾಕ್‌ಟೌನ್‌ನಲ್ಲಿ ಮಾಡಲು ಏನೂ ಇರಲಿಲ್ಲ. ಟಿವಿಯಲ್ಲಿ ಕ್ರಿಕೆಟ್ ನೋಡಿ ಬೇಸತ್ತು, ಒಂದು ದಿನ ಮಾಮನ ಜೊತೆ ಹೋಗಿ ಹಲಗೆ ತಂದರು. ಸಮುದ್ರ ಒಂದು ಗಂಟೆಯ ದಾರಿಯಷ್ಟು ದೂರವಿದ್ದ ಆ ಸಬರ್ಬ್‌ನಲ್ಲಿ, ಬಟ್ಟೆ ಕಂಬದ ಪಕ್ಕ, ದೋಣಿ ದಿನದಿನವೂ ಬೆಳೆಯಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಹುಲ್ಲಿನ ಮೇಲೆ ಹಲಗೆ ಹೆರೆದ ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದಿರುತ್ತಿತ್ತು. ತಂಗಿ ಅನು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಲೋಲಾಕು ಎನ್ನುತ್ತಿದ್ದಳು. ಹಲಗೆಗೆ ಅಜ್ಜ ಎಣ್ಣೆ ತಿಕ್ಕುವಾಗ ಬರುತ್ತಿದ್ದ ವಾಸನೆ, ಒಳಗೆ ಅಮ್ಮ ಕರಿಯುತ್ತಿದ್ದ ಮೀನಿನ ವಾಸನೆ, ಎರಡೂ ಕೂಡಿ ನಮ್ಮ ಸಂಜೆಯಾಗುತ್ತಿತ್ತು.

ವೀಸಾ ಮುಗಿಯುವಷ್ಟರಲ್ಲಿ ದೋಣಿ ಮುಗಿಯಿತು. ನೀರಿಗೆ ಇಳಿಸಲು ಮಾತ್ರ ಸಮಯ ಸಿಗಲಿಲ್ಲ. ಏರ್‌ಪೋರ್ಟಿನಲ್ಲಿ ಅಜ್ಜ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಹೀಗೆ ಕೇಳಿಸುತ್ತದೆ: "ಜಾಗ್ರತೆಯಲ್ಲಿ ಇಡು. ಮುಂದಿನ ಸಲ ಬಂದಾಗ ನಾವಿಬ್ಬರೇ ಇಳಿಸುವ." ಅಜ್ಜ ನನ್ನೊಡನೆ ಆಡುತ್ತಿದ್ದದ್ದು ತುಳು. ಇದು ಕನ್ನಡದಲ್ಲಿ ಯಾಕೆ ಕೇಳಿಸುತ್ತದೋ ಗೊತ್ತಿಲ್ಲ. ಆದರೆ ನಾನು ಮಾತು ಕೊಟ್ಟದ್ದಂತೂ ನಿಜ.

ಅಂದಿನಿಂದ ದೋಣಿ ನನ್ನದಾಯಿತು. ತೋಟದ ಪೈಪು ಬಿಟ್ಟು ಸುತ್ತ ಸಮುದ್ರ ಮಾಡುತ್ತಿದ್ದೆ. ಮಾವಿನ ಓಟೆಗಳು ಮೀನು. ಅನು ಟಿಕೆಟ್ ಇಲ್ಲದೆ ಹತ್ತಿದರೆ ಸಮುದ್ರಕ್ಕೆ ತಳ್ಳುತ್ತಿದ್ದೆ. ಅವಳು ಅತ್ತುಕೊಂಡು ಹೋಗಿ, ಬಿಸ್ಕತ್ತು ಹಿಡಿದು, ಲಂಚ ಕೊಟ್ಟು ಮತ್ತೆ ಹತ್ತುತ್ತಿದ್ದಳು.

ಮುಂದಿನ ಬೇಸಿಗೆ ರಜೆಯಲ್ಲಿ ಅಮ್ಮನಿಗೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡಬೇಕು. ಮಾಮನ ಯೂಟ್ ಇತ್ತು, ಸಾಮಾನು ತುಂಬುವ ಟ್ರೇಲರ್ ಇತ್ತು. ನಾನು ಕೇಳಿದೆ, "ದೋಣಿ?"

ಅಮ್ಮ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. "ದೋಣಿ ಇಲ್ಲೇ ಇರ್ಲಿ. ಯಾರಾದ್ರೂ ತಗೊಳ್ತಾರೆ."

"ಅಜ್ಜ ಬಂದ್ರೆ?"

"ಅಜ್ಜನಿಗೆ ನಾನು ಹೇಳ್ತೇನೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಸಿಟ್ಟಿದ್ದರೆ ಸಂಜೆಗೆ ಇಳಿಯುತ್ತದೆ. ನಾನು ಅಪ್ಪನ ಹತ್ತಿರ ಹೋದೆ. ಅಪ್ಪ ಮೈಸೂರಿನವರು, ಕಂಪ್ಯೂಟರ್ ಕೆಲಸದವರು, ಅಮ್ಮ ಬೇಡ ಅಂದದ್ದನ್ನು ಬೇಕು ಅನ್ನುವವರಲ್ಲ. ಕೊನೆಗೆ ಮಾಮನಿಗೆ ಫೋನ್ ಮಾಡಿದೆ. ಮಾಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಎಲ್ಲದಕ್ಕೂ ಅವನ ಹತ್ತಿರ ಒಂದೇ ಉತ್ತರ.

"ಅಷ್ಟೇಯಾ? ಎರಡೂ ಕಟ್ಟಿ ಎಳೆಯುವ. ರೈಲಿಗೆ ಎಷ್ಟು ಡಬ್ಬಿ ಇರ್ತದೆ?"

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾಮ ಬಂದ. ಸಾಮಾನಿನ ಟ್ರೇಲರಿನ ಹಿಂಬದಿಗೆ ಯೂಟ್‌ನ ಹಿಂಬದಿಯಲ್ಲಿರುವಂಥದೇ ಇನ್ನೊಂದು ಕಬ್ಬಿಣದ ಗುಂಡು ವೆಲ್ಡ್ ಮಾಡಿಸಿದ್ದ. ದೋಣಿ ಏರಿಸಲು ತಾನೇ ಹೊಂದಿಸಿದ ಎರಡನೇ ಟ್ರೇಲರನ್ನು ಅದಕ್ಕೆ ಸಿಕ್ಕಿಸುವುದು ಅವನ ಉಪಾಯ. ಸೋಫಾ, ಕಪಾಟು, ಫ್ರಿಜ್ಜು ಆಗಲೇ ಟ್ರೇಲರ್ ಏರಿದ್ದವು. ಅಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಆದರೂ ಗಾಡಿಗೆ ಪೂಜೆಯಾಗದೆ ಹೊರಡುವುದು ಅವಳಿಗೂ ಒಪ್ಪಿಗೆಯಿರಲಿಲ್ಲ. ಅರಿಶಿನ, ಕುಂಕುಮ, ಕರ್ಪೂರ ತಂದಳು. ಚಕ್ರಗಳ ಅಡಿಗೆ ನಿಂಬೆಹಣ್ಣು ಇಡುವ ಕೆಲಸ ಅನುವಿಗೆ ಬಂತು.

"ಟ್ರೇಲರಿನ ಚಕ್ರಕ್ಕೂ ಇಡ್ಬೇಕಾ?" ಅಂದಳು ಅನು.

"ಅದಕ್ಕೆ ಇಂಜಿನ್ನೇ ಇಲ್ವಲ್ಲೇ," ಅಂದರು ಅಪ್ಪ.

"ಚಕ್ರ ಉಂಟಲ್ಲ ಭಾವ," ಅಂದ ಮಾಮ. "ಇಡು ಪುಟ್ಟೀ, ಎಲ್ಲದಕ್ಕೂ ಇಡು."

ತೆಂಗಿನಕಾಯಿ ಎಲ್ಲಿ ಒಡೆಯಬೇಕೆಂದು ಮತ್ತೆ ಚರ್ಚೆ. ಅಪ್ಪ ಮುಂದಿನ ಚಕ್ರದ ಹತ್ತಿರ ಅಂದರು. ಮಾಮ ಕೇಳಲಿಲ್ಲ. "ಎಳೆಯುದು ಇದು. ಇದಕ್ಕೇ ಒಡೆಯುವ." ಯೂಟ್‌ನ ಹಿಂಬದಿಯ ಗುಂಡಿನ ಮೇಲೆ ಕಾಯಿಯನ್ನು ಬಲವಾಗಿ ಅಪ್ಪಳಿಸಿದ. ಕಾಯಿ ಚೆನ್ನಾಗಿಯೇ ಒಡೆಯಿತು. ನೀರು ಮಾತ್ರ ನೆಲಕ್ಕೆ ಬೀಳದೆ, ಗುಂಡಿನ ಪಕ್ಕದಲ್ಲಿದ್ದ, ಟ್ರೇಲರಿನ ದೀಪಗಳಿಗೆ ಕರೆಂಟ್ ಕೊಡುವ ಪ್ಲಗ್ಗಿನೊಳಗೆ ನೇರವಾಗಿ ಇಳಿಯಿತು. ಯಾರೂ ಗಮನಿಸಲಿಲ್ಲ. ಎಲ್ಲರೂ ಕೈಮುಗಿದಿದ್ದೆವು.

ಮಾಮ ಎರಡೂ ಟ್ರೇಲರ್ ಸಿಕ್ಕಿಸಿ, ನಿಂಬೆಹಣ್ಣು ಪಚಕ್ಕೆನಿಸಿ, ಎಳೆದು ನೋಡಲೆಂದು ನಿಧಾನಕ್ಕೆ ಬೀದಿಗೆ ಇಳಿಸಿದ. ಗೇಟು ದಾಟಿದ್ದು ನಿಜ. ಇದರಲ್ಲಿ ನಾನು ಅಪ್ಪನ ಪಕ್ಷ, ಯಾಕೆಂದರೆ ಮುಂದೆ ನಡೆದದ್ದು ಬೀದಿಯಲ್ಲಲ್ಲದೆ ಬೇರೆಲ್ಲೂ ನಡೆಯುವಂತಿರಲಿಲ್ಲ. ಎಡಕ್ಕೆ ಸಿಗ್ನಲ್ ಹಾಕಿದರೆ ಬಲದ ದೀಪ ಮಿನುಗಿತು. ಬಲಕ್ಕೆ ಹಾಕಿದರೆ ಎರಡೂ ಮಿನುಗಿದವು. ಬ್ರೇಕ್ ಒತ್ತಿದಾಗ ಏನೂ ಇಲ್ಲ. ನಮ್ಮ ಬೀದಿಗೆ ಆಚೆ ದಾರಿಯಿರಲಿಲ್ಲ. ಕೊನೆಯಲ್ಲಿ ಗಾಡಿ ತಿರುಗಿಸಬೇಕು, ತಿರುಗಿಸಲು ರಿವರ್ಸ್ ಬರಬೇಕು.

ಮಾಮ ಎಡಕ್ಕೆ ತಿರುಗಿಸಿದರೆ ಮೊದಲ ಟ್ರೇಲರ್ ಬಲಕ್ಕೆ ಹೋಗುತ್ತಿತ್ತು, ದೋಣಿ ಅದಕ್ಕೆ ತದ್ವಿರುದ್ಧ. ಅಪ್ಪ ಟ್ರಾಫಿಕ್ ಪೊಲೀಸನ ಹಾಗೆ ಕೈ ಬೀಸುತ್ತಿದ್ದರು. "ಬಲಕ್ಕೆ! ಅಲ್ಲ ಅಲ್ಲ, ನನ್ನ ಬಲಕ್ಕೆ ಕಣಯ್ಯಾ!"

"ನಿಮ್ಮ ಬಲ ಯಾವುದು ಮಾರಾಯ್ರೆ, ನೀವೇ ತಿರುಗ್ತಾ ಇದ್ದೀರಲ್ಲ!"

ದೋಣಿ ಮೆಲ್ಲಗೆ ಹೋಗಿ ಯಾರದೋ ಕಸದ ಡಬ್ಬಿಯನ್ನು ಉರುಳಿಸಿತು. ಬಿಯರ್ ಬಾಟಲಿಗಳು ಗಲಗಲ ಉರುಳಿದವು. ಎದುರು ಮನೆಯವರು ಕುರ್ಚಿ ತಂದು ಹಾಕಿಕೊಂಡರು.

ಅಪ್ಪ ಒಳಗೆ ಹೋಗಿ ರಸ್ತೆ ಇಲಾಖೆಗೆ ಫೋನ್ ಮಾಡಿ ವಿಚಾರಿಸಿದರು. ಮೊದಲೇ ಮಾಡಬೇಕಾಗಿದ್ದ ಫೋನು. ಹೊರಗೆ ಬಂದಾಗ ಮುಖದಲ್ಲೇ ಉತ್ತರವಿತ್ತು. "ಒಂದು ಗಾಡಿಗೆ ಒಂದೇ ಟ್ರೇಲರ್ ಅಂತೆ. ಎರಡು ಎಳೆದ್ರೆ ಪೊಲೀಸ್ ನಿಲ್ಲಿಸ್ತಾರೆ." ಆಮೇಲೆ ನನ್ನ ಕಡೆ ನೋಡಿ, "ಸಾರಿ ಪುಟ್ಟಾ," ಅಂದರು.

ದೋಣಿಯನ್ನು ಬಿಚ್ಚಿ, ಕೈಯಿಂದಲೇ ದೂಡಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದರು. ನಾನು ಅದರ ಅಂಚು ಹಿಡಿದುಕೊಂಡು ನಡೆದೆ. ಅಳಲಿಲ್ಲ ಎಂದು ನನ್ನ ನೆನಪು. ಅನು ಹೇಳುವುದು, ಇಡೀ ಬೀದಿಗೆ ಕೇಳುವಂತೆ ಅತ್ತೆ ಎಂದು. ಅಜ್ಜ ಬಂದು ದೋಣಿ ಎಲ್ಲಿ ಎಂದು ಕೇಳಿದರೆ ನಾನು ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅಮ್ಮ ಬಂದಳು. ಅಲ್ಲಿಯವರೆಗೆ ಅವಳು ದೋಣಿಯನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಡಬ್ಬಿ ತಾಗಿದ ಜಾಗದಲ್ಲಿ ಬಗ್ಗಿ ನೋಡಿ, ಹಲಗೆಯ ಮೇಲೆ ಅಂಗೈ ಎಳೆದಳು. ಗೀರು ಕೂಡ ಬಿದ್ದಿರಲಿಲ್ಲ.

"ಸುಧಾ," ಅಂದಳು ತಮ್ಮನಿಗೆ, "ಇದು ಸಹ ಟ್ರೇಲರೇ ಅಲ್ವಾ?"

"ಹೌದು. ದೋಣಿಯ ಟ್ರೇಲರ್."

"ಮತ್ತೆ ಖಾಲಿ ಯಾಕೆ ತಗೊಂಡು ಹೋಗುದು? ನಮ್ಮ ಮಲ್ಪೆಯಲ್ಲಿ ಖಾಲಿ ದೋಣಿ ದಡಕ್ಕೆ ಯಾರು ತರ್ತಾರೆ? ಇದರೊಳಗೇ ತುಂಬು. ಆ ಟ್ರೇಲರ್ ಇಲ್ಲೇ ಬಿಡು."

ಮಾಮ ಸೋಫಾ ನೋಡಿದ, ದೋಣಿ ನೋಡಿದ. "ಅಕ್ಕ, ಸೋಫಾ ಹಿಡಿಯುದಿಲ್ಲ."

"ಸೋಫಾ ಮೆಲ್ಬರ್ನ್‌ನಲ್ಲಿ ಸಹ ಸಿಗ್ತದೆ."

ಅಷ್ಟೇ. ಅಪ್ಪ ಅಮ್ಮನ ಮುಖ ನೋಡಿ, ಹಾಸಿಗೆ ತರಲು ಒಳಗೆ ಹೋದರು.

ಸೋಫಾ, ಕಪಾಟು, ಫ್ರಿಜ್ಜು ಎದುರು ಮನೆಯವರ ಪಾಲಾದವು. ಕುರ್ಚಿ ಹಾಕಿ ನೋಡಿದವರಿಗೆ ನಷ್ಟವಾಗಲಿಲ್ಲ. ದೋಣಿಯ ತಳಕ್ಕೆ ಹಾಸಿಗೆ, ನಡುವಿನಲ್ಲಿ ಗ್ರೈಂಡರ್, ಎರಡೂ ಬದಿಗೆ ಸ್ಟೀಲ್ ಡಬ್ಬಗಳು, ಅಕ್ಕಿ ಮೂಟೆ, ಕುಕ್ಕರ್, ನಮ್ಮ ಪುಸ್ತಕಗಳು, ಮೂತಿಯಲ್ಲಿ ದೇವರ ಪೆಟ್ಟಿಗೆ. ಮೇಲೆ ಟಾರ್ಪಾಲು. ಮಾಮ ಹಗ್ಗ ಕಟ್ಟಲು ಹೊರಟಾಗ ಅಮ್ಮ ಅದನ್ನು ಕಿತ್ತುಕೊಂಡಳು. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ನನ್ನ ಅಮ್ಮ, ಒಂದು ಕಾಲನ್ನು ದೋಣಿಗೆ ಒತ್ತಿ ಹಿಡಿದು, ಸರಸರನೆ ಗಂಟು ಹಾಕುತ್ತ ಹೋದಳು. ಅಂಥ ಗಂಟು ನಾನು ಅಜ್ಜನ ಕೈಯಲ್ಲಿ ಮಾತ್ರ ಕಂಡಿದ್ದೆ. ಅಪ್ಪ ಬೆರಗಾಗಿ ನಿಂತಿದ್ದರು. "ಇದೆಲ್ಲ ಯಾವಾಗ ಕಲಿತೆ?"

"ನಿಮ್ಮನ್ನು ನೋಡುವ ಮೊದ್ಲು," ಅಂದಳು ಅಮ್ಮ.

ಪ್ಲಗ್ಗನ್ನು ಮಾಮ ಅಮ್ಮನ ಹೇರ್ ಡ್ರೈಯರಿನಿಂದ ಒಣಗಿಸಿದ. ದೀಪಗಳು ಸರಿಯಾದವು. ಮರುದಿನ ಹೊರಟೆವು. ಅಪ್ಪ, ಅಮ್ಮ, ಅನು ಕಾರಿನಲ್ಲಿ ಮುಂದೆ, ನಾನು ಮಾಮನ ಜೊತೆ. ಗೋಲ್‌ಬರ್ನ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಒಬ್ಬ ದೋಣಿ ನೋಡಿ, ಮೀನು ಹಿಡಿಯೋಕಾ ಎಂದು ಇಂಗ್ಲಿಷಿನಲ್ಲಿ ಕೇಳಿದ. "ನೋ ಮೇಟ್, ಮೂವಿಂಗ್ ಹೌಸ್!" ಅಂದ ಮಾಮ. ನೆರಳು ಹುಡುಕಿ ಚಿತ್ರಾನ್ನ, ಒಣಮೀನಿನ ಚಟ್ನಿ ತಿಂದೆವು. ಹೋಲ್‌ಬ್ರುಕ್ ಎಂಬ ಊರಿನ ನಡುವೆ, ಹುಲ್ಲಿನ ಮೇಲೆ, ದೊಡ್ಡದೊಂದು ಸಬ್‌ಮರಿನ್ ನಿಂತಿತ್ತು. ಸುತ್ತ ಎಲ್ಲೂ ಸಮುದ್ರವಿಲ್ಲ. ಇದನ್ನು ಮಾತ್ರ ಯಾರೂ ಅನುಮಾನಿಸಬೇಕಿಲ್ಲ. ಈಗ ಹೋದರೂ ನೋಡಬಹುದು. "ನೋಡು, ಇದಕ್ಕೂ ನಿನ್ನ ದೋಣಿಯ ಹಾಗೆ, ಅಜ್ಜ ಬರ್ಬೇಕು," ಅಂದ ಮಾಮ.

ಅಜ್ಜ ಬಂದರು. ಮೆಲ್ಬರ್ನ್ ಹತ್ತಿರದ ಒಂದು ಕೆರೆಯಲ್ಲಿ ನಾವಿಬ್ಬರೇ ದೋಣಿ ಇಳಿಸಿದೆವು. ಉಳಿದವರೆಲ್ಲ ದಡದಲ್ಲಿ ನಿಂತು ಕೂಗುತ್ತಿದ್ದರು. ಹಲಗೆ ಸಂದಿನಿಂದ ನೀರು ಒಳಗೆ ಜಿನುಗಿದಾಗ ನನಗೆ ಗಾಬರಿ. ಅಜ್ಜ ನಕ್ಕರು. "ಕುಡಿಯಲಿ. ಎಷ್ಟು ದಿನದ ಬಾಯಾರಿಕೆ ಅದಕ್ಕೆ." ಸ್ವಲ್ಪ ಹೊತ್ತಿಗೆ ಮರ ಉಬ್ಬಿ ಸಂದು ಮುಚ್ಚಿಕೊಂಡಿತು. ದೋಣಿ ತೇಲಿತು.

ಇಷ್ಟು ಬರೆದ ಮೇಲೆ ನನ್ನ ನೆನಪಿನ ಚಿತ್ರಕ್ಕೆ ಮರಳುತ್ತೇನೆ. ಕಪಾಟು, ಸೋಫಾ ಹೇರಿದ ಟ್ರೇಲರ್ ನಡುವೆ ಇದ್ದಿದ್ದರೆ ಅದರ ಹಿಂದಿನ ದೋಣಿ ಯೂಟ್‌ನ ಗಾಜಿನಿಂದ ಕಾಣುವುದು ಸಾಧ್ಯವೇ ಇಲ್ಲ. ದೋಣಿ ನನಗೆ ಕಂಡಿತ್ತು, ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಪಟಪಟ ಹೊಡೆಯುವುದೂ ಕಂಡಿತ್ತು. ಹಾಗಾದರೆ ಹಿಂದೆ ಇದ್ದದ್ದು ಒಂದೇ ಟ್ರೇಲರ್. ಒಂದರಲ್ಲೇ ಮನೆಯೂ ಇತ್ತು, ದೋಣಿಯೂ ಇತ್ತು. ಎರಡೂ ಬರುತ್ತಿವೆ ಎಂದು ನೋಡಿಕೊಳ್ಳುತ್ತಿದ್ದ ಹುಡುಗ ಎರಡು ಎಣಿಸಿದ್ದರಲ್ಲಿ ದೊಡ್ಡ ತಪ್ಪೇನಿಲ್ಲ.

ಅಜ್ಜ ಈಗಿಲ್ಲ. ಸಿಡ್ನಿಯ ಎಪ್ಪಿಂಗ್‌ನ ನನ್ನ ಅಪಾರ್ಟ್‌ಮೆಂಟಿಗೆ ಹಿತ್ತಲಿಲ್ಲ, ಬಾಲ್ಕನಿಯಲ್ಲಿ ಕರಿಬೇವಿನ ಕುಂಡಕ್ಕೇ ಜಾಗ ಸಾಲದು. ನನ್ನ ಮಗಳು ಮರದ ಸಿಪ್ಪೆಯ ಲೋಲಾಕು ಕಂಡಿಲ್ಲ. ನನ್ನ ಕೈಗೆ ಆ ಗಂಟು ಬರುವುದಿಲ್ಲ. ನೋಡುತ್ತ ನಿಂತಿದ್ದೆನೇ ಹೊರತು ಕಲಿಯಲಿಲ್ಲ. ಹೋದ ತಿಂಗಳು ಅಮ್ಮ ಫೋನ್ ಮಾಡಿದ್ದೂ ದೋಣಿಯ ವಿಷಯಕ್ಕೇ. ಅವಳೂ ಅಪ್ಪನೂ ಬಾಕ್ಸ್ ಹಿಲ್‌ನಲ್ಲೇ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ. ದೋಣಿ ಎಲ್ಲಿಡುವುದು?

ಮಾಮ ಬ್ಲ್ಯಾಕ್‌ಟೌನ್‌ನಲ್ಲೇ ಮನೆ ಕೊಂಡಿದ್ದಾನೆ, ಹಿತ್ತಲಿರುವ ಮನೆ. ಈಗ ಬೆನ್ನು ನೋವು, ಆದರೂ ಅದೇ ಮಾಮ. "ಈ ರಜೆಯಲ್ಲಿ ಹೋಗಿ ತರುವ," ಅಂದ. "ಅಕ್ಕನಿಗೆ ಹೇಳು, ಖಾಲಿ ಕಳಿಸ್ಬಾರ್ದು. ಉಪ್ಪಿನಕಾಯಿ ತುಂಬಿಸ್ಲಿಕ್ಕೆ ಹೇಳು. ಮತ್ತೆ, ಎರಡು ಟ್ರೇಲರ್ ಕಟ್ಟುವನಾ?"

ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಕ್ಯಾನ್ ಐ ಸಿಟ್ ಇನ್ ದ ಬ್ಯಾಕ್?" ಎಂದಳು.

ಕೂರಲಿ. ತಿರುಗಿ ಕೂತು ಗಾಜಿನಿಂದ ನೋಡಲಿ. ಗಂಟು ಹಾಕುವಾಗ ಅವಳನ್ನೂ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವುದಾಗಿ ಅಮ್ಮ ಒಪ್ಪಿದ್ದಾಳೆ. ಮುಂದೊಂದು ದಿನ ಮಗಳು ಈ ಪ್ರಯಾಣದ ಕಥೆ ಹೇಳುವಾಗ ಹಿಂದೆ ಎಷ್ಟು ಟ್ರೇಲರ್ ಬರುತ್ತಿದ್ದವು ಎಂದು ಹೇಳುತ್ತಾಳೋ ಹೇಳಲಿ. ನಾನು ತಿದ್ದುವುದಿಲ್ಲ.