ಗಟಾರ ಸಾಹೇಬ

ಇಂಡಿ ತಾಲೂಕಿನ ಕೃಷಿ ಸಹಾಯಕ ಸಾತಲಿಂಗಪ್ಪನಿಗೆ ಸುತ್ತಲಿನ ಊರುಗಳಲ್ಲಿ ‘ಗಟಾರ ಸಾಹೇಬ’ ಎಂದೇ ಹೆಸರು ಬಿದ್ದಿತ್ತು. ಪೇಟೆಯ ಗಟಾರದ ರಾಡಿಯನ್ನು ಬಿಸಿಲಿಗೆ ಒಣಗಿಸಿ, ಸೆಗಣಿಯೊಂದಿಗೆ ತಿಂಗಳುಗಟ್ಟಲೆ ಕೊಳೆಸಿ, ಜೀವಾಣುವಿನ ಪುಡಿ ಕಲಸಿ ನಿಂಬೆ ತೋಟಗಳಿಗೆ ಹಾಕಿಸುವುದು ಅವನ ಕೆಲಸ. ಪುಡಿಯೊಳಗಿನ ಜೀವಾಣು ಬಿಸಿಲಿಗೆ ಸಾಯಬಾರದೆಂದು ತಲೆಯ ಟವೆಲ್ಲನ್ನೇ ತೋಯಿಸಿ ಪಾಕೀಟಿಗೆ ಸುತ್ತಿ, ತಾನು ಬರಿದಲೆಯಲ್ಲಿ ಲೂನಾ ಓಡಿಸುವನು. “ರಾಡಿ ಅನಬ್ಯಾಡ್ರಿ, ಗೊಬ್ಬರ ಅನ್ರಿ,” ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವನು. ಅವನು ಚಡಚಣದ ಬಸ್ಸು ಹತ್ತಿದರೆ ಕಿಟಕಿಗಳು ತಾವೇ ತೆರೆದುಕೊಳ್ಳುತ್ತವೆಂದು ಜನ ನಗುವರು. ಮದುವೆಮನೆಯಲ್ಲಿ ಅತ್ತರು ಹಚ್ಚುವವನು ಅವನಿಗೆ ಮಾತ್ರ ಎರಡು ಸಲ ಹಚ್ಚುವನು. ಮನೆಗೆ ಬಂದರೆ ಹೆಂಡತಿ ಸುವರ್ಣಾ, “ಮೊದಲ ಜಳಕ, ಆಮ್ಯಾಲ ಮಾತು,” ಎನ್ನುವಳು. ಯಾರಿಗೂ ಎದುರಾಡದ ಅವನಿಗೆ ಎಲ್ಲಿಗಾದರೂ ವರ್ಗವಾದರೆ ಸಾಕೆನಿಸುತ್ತಿತ್ತು. ಆ ವರ್ಷ ಲಚ್ಯಾಣದ ಬೌರವ್ವನೆಂಬ ಹಿರಿಯಳ ನಿಂಬೆ ಗಿಡಗಳು ಹಳದಿಗಟ್ಟಿ ಒಣಗತೊಡಗಿ, ಆಕೆ ಕಡಿಸಲು ಕೊಡಲಿಯವರನ್ನು ಕರೆಸಿದ್ದಳು. “ಇದೊಂದು ಮಳಿಗಾಲ ತಡೀರಿ ಯವ್ವಾ,” ಎಂದು ಕೈಮುಗಿದ ಸಾತಲಿಂಗಪ್ಪ, ಆ ಗೊಬ್ಬರ ಮುಟ್ಟಲು ಆಳುಗಳು ಒಲ್ಲೆವೆಂದಾಗ ತಾನೇ ಬುಟ್ಟಿ ಹೊತ್ತು ಪ್ರತಿ ಗಿಡದ ಬುಡಕ್ಕೂ ಹಾಕಿದ. ಮರುವರ್ಷ ತೋಟ ಚಿಗುರಿ ಕಾಯಿ ಹಿಡಿದದ್ದು ಕೇಳಿ ನೋಡಲು ಹೋದವನು, ಗಿಡಗಳ ನಡುವೆ ಒಂದು ಸುತ್ತು ಹಾಕಿ, ನೆರಳಲ್ಲಿ ಕುಳಿತಲ್ಲೇ ನಿದ್ದೆಹೋದ. ಕಾಯಿ ಹರಿಯಲು ಬಂದ ಹೆಣ್ಣಾಳುಗಳು ಅವನನ್ನು ಕಂಡು ಕಿಸಕ್ಕನೆ ನಕ್ಕಾಗ ಬೌರವ್ವ ಅವರನ್ನು ಬೇರೆ ಸಾಲಿಗೆ ಕಳಿಸಿ, ಮೆಲ್ಲಗೆ ಹೇಳಿದಳು: “ಗದ್ದಲ ಮಾಡಬ್ಯಾಡ್ರೆ. ಮನಿ ಹಿರಿಮಗ ಮಲಗ್ಯಾನ.”